ಓದುಗರ ಪ್ರಶ್ನೆ, ನರ್ಸಮ್ಮನ ಉತ್ತರ: ‘ಅರ್ಥ ಆಯ್ತಾ?’ ಅಂತ ಕೇಳಬೇಡಿ

ಓದು ಬರಹ ಬಾರದವರಿಗೆ ಕಾಯಿಲೆ, ಔಷಧಿ, ಪಥ್ಯದ ವಿಷಯ ತಿಳಿಸುವಾಗ ನಿಮಗೆ ಏನು ಕಷ್ಟ ಆಗಿದೆ, ಬರೆಯಿರಿ ಎಂದು ಹೋದ ತಿಂಗಳು ಕೇಳಿದ್ದೆ. ಇಷ್ಟು ಪತ್ರ ಬರುತ್ತವೆ ಎಂದುಕೊಂಡಿರಲಿಲ್ಲ. 2011ರ ಜನಗಣತಿಯ ಹೊತ್ತಿಗೆ ನಮ್ಮ ರಾಜ್ಯದ ಹೆಂಗಸರಲ್ಲಿ ಓದು ಬರಹ ಬಲ್ಲವರು ನೂರಕ್ಕೆ 68 ಮಂದಿ. ಉಳಿದವರು ಎಲ್ಲಿದ್ದಾರೆ? ನಮ್ಮ ನಿಮ್ಮ ಮನೆಯಲ್ಲೇ ಇದ್ದಾರೆ, ಅಮ್ಮ, ಅತ್ತೆ, ಅಜ್ಜಿ ಆಗಿ. ಪತ್ರಗಳನ್ನು ಓದಿದಾಗ ಅದೇ ಕಂಡಿತು.

ಪ್ರಶ್ನೆ: ನನ್ನ ಅಮ್ಮನಿಗೆ 67 ವರ್ಷ. ಶಾಲೆಯ ಮುಖ ನೋಡಿದವರಲ್ಲ. ಶುಗರ್, ಬೀಪಿ ಎರಡೂ ಇವೆ. ನಾನು ಬೆಂಗಳೂರಿನಲ್ಲಿ, ಅವರು ಊರಿನಲ್ಲಿ ಒಬ್ಬರೇ. ಫೋನಿನಲ್ಲಿ ಎಷ್ಟು ಸಲ ಹೇಳಿದರೂ ಮಾತ್ರೆ ಅದಲು ಬದಲು ಮಾಡುತ್ತಾರೆ. ಒಂದೆರಡು ಸಲ ರೇಗಿಬಿಟ್ಟೆ, ಆಮೇಲೆ ನಾನೇ ಅತ್ತೆ. ಏನು ಮಾಡಲಿ? – ಒಬ್ಬ ಮಗಳು, ಹಾಸನ ಜಿಲ್ಲೆ

ಉತ್ತರ: ರೇಗಿದ್ದಕ್ಕೆ ನಿಮ್ಮನ್ನು ಬೈಯುವುದಿಲ್ಲ. ದೂರದಲ್ಲಿ ಕೂತು ಹೆದರುವುದು ಎಂಥ ಕಷ್ಟ ಎಂದು ಗೊತ್ತು. ಆದರೆ ಒಂದು ವಿಷಯ ಯೋಚಿಸಿ. ನಿಮ್ಮ ಅಮ್ಮನಿಗೆ ಅಕ್ಷರ ಬರುವುದಿಲ್ಲ, ನೆನಪು ಕಮ್ಮಿ ಇಲ್ಲ. ಆ ಕಾಲದ ಎಷ್ಟೋ ಹೆಂಗಸರಿಗೆ ಸೋಬಾನೆ ಪದ, ಬೀಸುವ ಪದ ರಾತ್ರಿಯಿಡೀ ಹಾಡುವಷ್ಟು ಬಾಯಲ್ಲಿವೆ. ಯಾವ ಹಸು ಯಾವಾಗ ಕರು ಹಾಕಿತು, ಸಂಘದ ಸಾಲದಲ್ಲಿ ಎಷ್ಟು ಕಂತು ಬಾಕಿ, ಎಲ್ಲ ನೆನಪಿರುತ್ತದೆ. ಅಂಥವರು ಮಾತ್ರೆಯಲ್ಲಿ ಎಡವುತ್ತಾರೆ ಎಂದರೆ, ಅವರ ನೆನಪು ಹಿಡಿದುಕೊಳ್ಳುವ ಹಾಗೆ ನಾವು ಹೇಳಿಲ್ಲ ಎಂದೇ ಅರ್ಥ.

ಮುಂದಿನ ಸಲ ಊರಿಗೆ ಹೋದಾಗ ಏನೂ ಹೇಳಿಕೊಡಬೇಡಿ, ಸುಮ್ನೆ ಕೇಳಿ. ‘ಅಮ್ಮಾ, ಇದರಲ್ಲಿ ಯಾವುದು ಯಾವುದಕ್ಕೆ ಅಂತ ನೀನು ಹೇಗೆ ಗುರುತು ಹಿಡೀತೀಯ?’ ಬಹಳ ಮಂದಿ ಹೇಳುವುದು ಬಣ್ಣ ಮತ್ತು ಗಾತ್ರ. ದೊಡ್ಡ ಬಿಳಿದು ಶುಗರ್‌ಗೆ, ಪುಟ್ಟದು ಬೀಪಿಗೆ. ತೊಂದರೆ ಇಲ್ಲೇ ಇದೆ. ಅದೇ ಔಷಧಿಯನ್ನು ಬೇರೆ ಬೇರೆ ಕಂಪನಿಗಳು ಬೇರೆ ಬೇರೆ ಬಣ್ಣ, ಆಕಾರದಲ್ಲಿ ಮಾಡುತ್ತವೆ. ಅಂಗಡಿಯವರು ‘ಇದೂ ಅದೇ ಅಮ್ಮ’ ಎಂದು ಬೇರೆ ಕಂಪನಿಯದು ಕೊಟ್ಟ ದಿನ ಅಮ್ಮನ ಲೆಕ್ಕವೆಲ್ಲ ಕಲಸಿಹೋಗುತ್ತದೆ. ಹಳೆಯದು ಒಂದಿಷ್ಟು ಉಳಿದಿದ್ದರೆ ಎರಡನ್ನೂ ನುಂಗುತ್ತಾರೆ, ಹೊಸ ಔಷಧಿ ಸೇರಿಸಿದ್ದಾರೆ ಎಂದುಕೊಂಡು! ಅದಕ್ಕೇ ಪ್ರತಿ ಸಲ ಖಾಲಿ ಸ್ಟ್ರಿಪ್ಪನ್ನು ಅಂಗಡಿಗೆ ಒಯ್ಯಲಿ. ಕಂಪನಿ ಬದಲಾದರೆ ಹಳೆಯದನ್ನು ಬೇರೆ ಎತ್ತಿಡಲಿ. ಸ್ಟ್ರಿಪ್ ಕತ್ತರಿಸುವಾಗ ಹೆಸರು, ತಾರೀಖು ಇರುವ ಭಾಗ ಕೊನೆಯವರೆಗೂ ಉಳಿಯುವ ಹಾಗೆ ಕತ್ತರಿಸಬೇಕು.

ಆಮೇಲೆ ಹೊತ್ತು. ‘ಬೆಳಿಗ್ಗೆ ಎಂಟಕ್ಕೆ’ ಎನ್ನಬೇಡಿ, ಅವರ ದಿನದಲ್ಲಿ ತಪ್ಪದೆ ನಡೆಯುವ ಕೆಲಸಕ್ಕೆ ಮಾತ್ರೆಯನ್ನು ಗಂಟು ಹಾಕಿ. ಹಾಲು ಡೈರಿಗೆ ಹಾಕಿ ಬಂದು ರೊಟ್ಟಿ ತಿನ್ನುವ ಹೊತ್ತಿನದು ಒಂದು ಚೀಲದಲ್ಲಿ, ಅದು ಒಲೆಯ ಹತ್ತಿರದ ಮೊಳೆಯಲ್ಲಿ, ಬೆಂಕಿಯ ಬಿಸಿ ತಾಗದಷ್ಟು ದೂರ. ರಾತ್ರಿಯದು ಬೇರೆ ಬಣ್ಣದ ಚೀಲದಲ್ಲಿ, ಹಾಸಿಗೆಯ ಹತ್ತಿರ. ಇಷ್ಟೇ. ಪೇಟೆಯಲ್ಲಿ ಸಿಗುವ ಏಳು ಮನೆಯ ಪ್ಲಾಸ್ಟಿಕ್ ಡಬ್ಬಿಯ ಮೇಲೆ ವಾರದ ಹೆಸರು ಇಂಗ್ಲಿಷಿನಲ್ಲಿರುತ್ತದೆ, ಅದು ಅವರಿಗೆ ಯಾವ ಉಪಕಾರಕ್ಕೆ?

ಇನ್ನೊಂದು ಬಹಳ ಮುಖ್ಯ. ಶುಗರ್ ಮಾತ್ರೆಗಳಲ್ಲಿ ಕೆಲವು, ಗ್ಲಿಮೆಪಿರೈಡ್ ಥರದವು, ನುಂಗಿದ ಮೇಲೆ ಊಟ ತಪ್ಪಿದರೆ ಸಕ್ಕರೆ ತೀರಾ ಇಳಿದುಬಿಡುತ್ತದೆ. ಏಕಾದಶಿ, ಶಿವರಾತ್ರಿ, ಶನಿವಾರದ ಒಪ್ಪತ್ತು, ಇವೆಲ್ಲ ಅಮ್ಮ ಬಿಡುವವರಲ್ಲ ಅಲ್ವಾ? ಉಪವಾಸದ ದಿನ ಏನು ಮಾಡಬೇಕು ಎಂದು ಡಾಕ್ಟರನ್ನು ಮೊದಲೇ ಕೇಳಿಟ್ಟುಕೊಳ್ಳಿ, ‘ಉಪವಾಸ ಬೇಡ’ ಎಂದು ಗದರಿಸಿದರೆ ಮುಚ್ಚಿಟ್ಟು ಮಾಡುತ್ತಾರೆ. ಮೈ ಬೆವರಿ, ಕೈ ನಡುಗಿ, ಕಣ್ಣು ಕತ್ತಲೆ ಬಂದರೆ ಕೂಡಲೇ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಬೇಕು ಎಂದು ಕೈಯಾರೆ ಮಾಡಿ ತೋರಿಸಿ. ‘ಶುಗರ್ ಇರುವವರು ಸಕ್ಕರೆ ಮುಟ್ಟಬಾರದು’ ಎಂದು ನಾವೇ ತಲೆಗೆ ತುಂಬಿದ್ದೇವೆ. ಆ ಹೊತ್ತಿನಲ್ಲಿ ಸಕ್ಕರೆಯೇ ಔಷಧಿ ಎನ್ನುವುದನ್ನೂ ನಾವೇ ಹೇಳಬೇಕು.

ಬೀಪಿ ಮಾತ್ರೆ ಬಿಡುವುದಕ್ಕೆ ಕಾರಣವೇ ಬೇರೆ. ‘ಚೆನ್ನಾಗಿಯೇ ಇದ್ದೀನಲ್ಲ’ ಎನ್ನುತ್ತಾರೆ. ನಾನು ಹನಿ ನೀರಾವರಿಯ ಪೈಪಿನ ಮಾತು ಹೇಳುತ್ತಿದ್ದೆ. ಮೋಟರಿನ ಒತ್ತಡ ಜಾಸ್ತಿ ಇದ್ದರೆ ಹೊರಗಿಂದ ಏನೂ ಕಾಣುವುದಿಲ್ಲ, ಒಂದು ದಿನ ಜಾಯಿಂಟ್ ಬಿಟ್ಟುಕೊಂಡಾಗಲೇ ಗೊತ್ತಾಗುವುದು. ತಲೆಯಲ್ಲಿ ಆ ಜಾಯಿಂಟ್ ಬಿಟ್ಟರೆ ಲಕ್ವ. ಇದನ್ನು ಹೇಳಿದ ಮೇಲೆ ‘ಹೌದಲ್ಲಾ’ ಎಂದು ಸ್ವಲ್ಪ ಹೊತ್ತು ಸುಮ್ಮನೆ ಕೂತವರನ್ನು ನೋಡಿದ್ದೇನೆ.

ಪ್ರಶ್ನೆ: ನಾನು ಆಶಾ ಕಾರ್ಯಕರ್ತೆ. ಬಸುರಿಯರಿಗೆ ಕಬ್ಬಿಣದ ಕೆಂಪು ಗುಳಿಗೆ ಕೊಡುತ್ತೇನೆ. ಕೈಯಲ್ಲಿ ಇಸಿದುಕೊಳ್ಳುತ್ತಾರೆ, ನುಂಗುವುದಿಲ್ಲ. ಹಿತ್ತಲಲ್ಲಿ ಬಿದ್ದಿದ್ದನ್ನು ನಾನೇ ಕಂಡಿದ್ದೇನೆ. – ರಾಯಚೂರು ಜಿಲ್ಲೆ

ಉತ್ತರ: ಬಿಸಾಡಿದವಳನ್ನು ಕೂರಿಸಿಕೊಂಡು ‘ಯಾಕವ್ವಾ?’ ಎಂದು ಕೇಳಿದ್ದೀರಾ? ಗದರುವ ‘ಯಾಕೆ’ ಅಲ್ಲ, ನಿಜವಾಗಿ ತಿಳಿದುಕೊಳ್ಳುವ ‘ಯಾಕೆ’. ನಿಮ್ಮ ಕಡೆ ನಾನು ಕೇಳಿದ ಉತ್ತರ ಇದು: ‘ಗುಳಿಗಿ ತಗೊಂಡ್ರ ಕೂಸು ದಪ್ಪ ಆಗಿ ಹಡಿಯೂದು ತ್ರಾಸ ಆಗ್ತದಂತ್ರೀ.’ ಇನ್ನೊಬ್ಬಳು, ಕಕ್ಕಸು ಕಪ್ಪಗಾಯಿತು, ಒಳಗೇ ಏನೋ ಸುಟ್ಟಿತು ಎಂದು ಹೆದರಿದ್ದಳು. ಅವಳ ಹೆದರಿಕೆ ಸುಳ್ಳಲ್ಲ. ಕಪ್ಪಗಾಗುವುದು ನಿಜ. ಮೊದಲೇ ಹೇಳಿದ್ದರೆ ಅದೇ ಗುಳಿಗೆ ಹೊಟ್ಟೆ ಸೇರಿದ ಗುರುತಾಗುತ್ತಿತ್ತು, ಹೇಳದೇ ಇದ್ದದ್ದಕ್ಕೆ ವಿಷದ ಗುರುತಾಯಿತು. ಹಾಗಾಗಿ ಗುಳಿಗೆ ಕೈಗೆ ಕೊಡುವ ಮುಂಚೆ ಹೇಳಿಬಿಡಿ: ಕಕ್ಕಸು ಕಪ್ಪಗಾಗುತ್ತದೆ, ಮೊದಲ ಕೆಲವು ದಿನ ಹೊಟ್ಟೆ ತೊಳಸಬಹುದು, ರಾತ್ರಿ ಊಟ ಆದ ಮೇಲೆ ನುಂಗಿದರೆ ತೊಳಸುವುದು ಕಮ್ಮಿ. ಚಹಾದ ಜೊತೆ ಬೇಡ. ಸುಣ್ಣದ ಗುಳಿಗೆ, ಅಂದರೆ ಕ್ಯಾಲ್ಸಿಯಂ, ಅದನ್ನೂ ಒಟ್ಟಿಗೆ ಬೇಡ, ಒಂದೆರಡು ತಾಸು ಬಿಟ್ಟು. ಲಿಂಬೆ ಹಿಂಡಿದ ಊಟ ಒಳ್ಳೆಯದು.

‘ನಿನ್ನ ರಕ್ತ 7 ಪಾಯಿಂಟ್ ಐತಿ’ ಎಂದು ಬರೀ ಅಂಕಿ ಹೇಳಿದರೆ ಅವಳಿಗೆ ಅದು ಜಾಸ್ತಿಯೋ ಕಮ್ಮಿಯೋ ಗೊತ್ತಾಗುವುದು ಹೇಗೆ? 11 ಇರಬೇಕಾದ ಕಡೆ 7 ಇದೆ ಎನ್ನಿ. ಹನ್ನೊಂದು ಬಳೆ ಇಡಿ, ನಾಲ್ಕು ತೆಗೆದುಬಿಡಿ. ಹೆರಿಗೆಯಲ್ಲಿ ಎಲ್ಲರಿಗೂ ರಕ್ತ ಹೋಗುತ್ತದೆ, ಉಳಿದಿರುವುದೇ ಇಷ್ಟಾದರೆ ಹೋಗುವುದಕ್ಕೆ ಎಲ್ಲಿದೆ ಎಂದು ಕೇಳಿ. ಮತ್ತೆ, ಅತ್ತೆಯನ್ನು ಬಿಟ್ಟು ಸೊಸೆಗೆ ಮಾತ್ರ ಹೇಳಬೇಡಿ. ಮನೆಯಲ್ಲಿ ಮಾತು ನಡೆಯುವುದು ಯಾರದು ಎಂದು ನನಗಿಂತ ನಿಮಗೇ ಗೊತ್ತು. ಅತ್ತೆಯ ಕೈಗೇ ಗುಳಿಗೆ ಕೊಟ್ಟು ‘ದಿನಾ ರಾತ್ರಿ ನೀವೇ ನುಂಗಿಸ್ರೀ, 180 ದಿನ ತಪ್ಪಬಾರದು’ ಎಂದು ಜವಾಬ್ದಾರಿ ವಹಿಸಿ ನೋಡಿ.

ನಿಮ್ಮಂಥ ಹೆಂಗಸರು ಮಾಡಿದ ಒಂದು ದೊಡ್ಡ ಕೆಲಸದ ಬಗ್ಗೆ ಹೇಳಬೇಕು. ಬಾಂಗ್ಲಾದೇಶದಲ್ಲಿ 1980ರಿಂದ ಹತ್ತು ವರ್ಷ ಬ್ರ್ಯಾಕ್ ಸಂಸ್ಥೆಯವರು ಮನೆ ಮನೆಗೆ ಹೋಗಿ, ಭೇದಿ ಆದ ಮಗುವಿಗೆ ಕುಡಿಸುವ ಉಪ್ಪು ಬೆಲ್ಲದ ನೀರು ಮಾಡುವುದನ್ನು ಕಲಿಸಿದರು. ಒಂದು ಕೋಟಿಗೂ ಹೆಚ್ಚು ಮನೆ. ತಾಯಂದಿರಲ್ಲಿ ಬಹಳ ಮಂದಿಗೆ ಓದು ಬರುತ್ತಿರಲಿಲ್ಲ. ಗ್ರಾಂ, ಲೀಟರ್ ಬಿಟ್ಟು, ಮೂರು ಬೆರಳಲ್ಲಿ ಎತ್ತಿದ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ ಎಂದು ಅಳತೆಯನ್ನು ಅವರ ಕೈಯಲ್ಲೇ ಇಟ್ಟರು. ತಾಯಿ ತಾನೇ ಕಲಸಿ ತೋರಿಸಬೇಕು. ಆಮೇಲೆ ಬೇರೆಯವರು ಹೋಗಿ ಒಂದಿಷ್ಟು ಮನೆಗಳಲ್ಲಿ ವಿಚಾರಿಸುತ್ತಿದ್ದರು, ತಾಯಿಗೆ ಎಷ್ಟು ನೆನಪಿದೆಯೋ ಅದರ ಮೇಲೆ ಕಲಿಸಿದವರ ಸಂಬಳ! ನನಗೆ ಇದು ಬಹಳ ಹಿಡಿಸಿದ್ದು ಯಾಕೆಂದರೆ, ಮರೆತರೆ ತಪ್ಪು ತಾಯಿಯದಲ್ಲ, ಕಲಿಸಿದವರದು ಎಂದು ಅವರು ಲೆಕ್ಕ ಹಾಕಿದರು. ನಾವು ಇವತ್ತಿಗೂ ಓಆರ್‌ಎಸ್ ಪ್ಯಾಕೆಟ್ ಕೊಟ್ಟು ‘ಒಂದು ಲೀಟರಿಗೆ’ ಎಂದು ಹೇಳಿ ಕಳಿಸುತ್ತೇವೆ. ದೊಡ್ಡ ಪ್ಯಾಕೆಟ್ಟನ್ನು ಒಂದು ಲೋಟಕ್ಕೆ ಸುರಿದು ಕುಡಿಸಿದರೆ ಮಗುವಿಗೆ ಉಪ್ಪು ಜಾಸ್ತಿಯಾಗಿ ಅಪಾಯ. ಅಂಗಡಿಯಲ್ಲಿ ಸಿಗುವ ಒಂದು ಲೀಟರ್ ನೀರಿನ ಖಾಲಿ ಬಾಟಲಿ ನಿಮ್ಮ ಚೀಲದಲ್ಲಿ ಒಂದಿರಲಿ. ಅದನ್ನೇ ತೋರಿಸಿ.

ಪ್ರಶ್ನೆ: ಹೊಸದಾಗಿ ಮೆಡಿಕಲ್ ಶಾಪ್ ಇಟ್ಟಿದ್ದೇನೆ. ಗಿರಾಕಿಗೆ ಓದಲು ಬರುತ್ತದೋ ಇಲ್ಲವೋ ಎಂದು ಅವಮಾನ ಆಗದ ಹಾಗೆ ಕೇಳುವುದು ಹೇಗೆ? – ತುಮಕೂರು

ಉತ್ತರ: ಕೇಳಲೇಬೇಡಿ. ‘ಕನ್ನಡಕ ಮರೆತು ಬಂದೆ’, ‘ಮಗ ಬಂದು ನೋಡ್ತಾನೆ ಬಿಡಿ’ ಎನ್ನುವವರನ್ನು ನೀವು ದಿನಾ ನೋಡುತ್ತೀರಿ. ಅದು ಅವರು ತಮ್ಮ ಮರ್ಯಾದೆ ಕಾಪಾಡಿಕೊಳ್ಳುವ ಮಾತು. ಸರತಿಯಲ್ಲಿ ನಿಂತಿರುವ ನಾಲ್ಕು ಜನರ ಮುಂದೆ ಅದನ್ನು ಕಿತ್ತುಕೊಳ್ಳಬೇಡಿ. ಲಾಯರು ಬಂದರೂ, ಕೂಲಿಯವರು ಬಂದರೂ ಎಲ್ಲರಿಗೂ ಬಾಯಲ್ಲಿ ಒಂದೇ ಥರ ಹೇಳಿ. ‘ಎಲ್ಲರಿಗೂ ಹೇಳ್ತೀನಿ’ ಎಂದು ಶುರು ಮಾಡಿದರೆ ಮುಗಿಯಿತು. ಚೀಟಿಯಲ್ಲಿ ಬರೆದ 1-0-1, ಅಂದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು ಎನ್ನುವುದು, ಓದು ಬಲ್ಲವರಿಗೇ ಎಷ್ಟೋ ಸಲ ತಿಳಿಯುವುದಿಲ್ಲ.

ಕವರಿನ ಮೇಲೆ ಸೂರ್ಯ, ಚಂದ್ರ ಬರೆಯುವುದು ಒಳ್ಳೆಯದೇ, ಆದರೆ ಚಿತ್ರವೂ ಓದಿನ ಹಾಗೆಯೇ, ಕಲಿತವರಿಗೆ ಮಾತ್ರ ಸುಲಭ. ಹುಟ್ಟುವ ಸೂರ್ಯನಿಗೂ ಮುಳುಗುವ ಸೂರ್ಯನಿಗೂ ಕಾಗದದ ಮೇಲೆ ಏನು ವ್ಯತ್ಯಾಸ? ಬರೆದು, ಬೆರಳಿಟ್ಟು, ‘ಇದು ಯಾವ ಹೊತ್ತು ಹೇಳಿ’ ಎಂದು ಅವರ ಬಾಯಿಂದಲೇ ಕೇಳಿ. ಮಕ್ಕಳ ಸಿರಪ್ ಕೊಡುವಾಗ ಮುಚ್ಚಳದ ಅಳತೆಯ ಗೆರೆಗೆ ಮಾರ್ಕರ್ ಪೆನ್ನಿನಲ್ಲಿ ಕಪ್ಪು ಗುರುತು ಹಾಕಿ, ‘ಒಂದು ಚಮಚ’ ಎಂದರೆ ಮನೆಯಲ್ಲಿ ಟೀ ಚಮಚದಿಂದ ಸಾರಿನ ಸೌಟಿನವರೆಗೂ ಇರುತ್ತದೆ. ಜ್ವರದ ಡ್ರಾಪ್ಸ್ ಮತ್ತು ಸಿರಪ್ ಬೇರೆ ಬೇರೆ ಎನ್ನುವುದನ್ನಂತೂ ಮರೆಯದೆ ಹೇಳಿ. ಪ್ಯಾರಾಸಿಟಮಾಲ್ ಡ್ರಾಪ್ಸ್‌ನಲ್ಲಿ ಒಂದು ಎಂಎಲ್‌ಗೇ ಸಾಮಾನ್ಯವಾಗಿ 100 ಮಿಲಿಗ್ರಾಂ ಇರುತ್ತದೆ. ಅದನ್ನು ಸಿರಪ್ಪಿನ ಹಾಗೆ ಚಮಚದಲ್ಲಿ ಕುಡಿಸಿದರೆ ಕೂಸಿನ ಗತಿ ಏನು?

ಪ್ರಶ್ನೆ: ಎಂಬಿಬಿಎಸ್ ಮುಗಿಸಿ ಹಳ್ಳಿಯ ಆಸ್ಪತ್ರೆಗೆ ಬಂದಿದ್ದೇನೆ. ನಿಧಾನವಾಗಿ ವಿವರಿಸುತ್ತೇನೆ, ‘ಅರ್ಥ ಆಯ್ತಾ’ ಎಂದರೆ ಎಲ್ಲರೂ ‘ಹೂಂ ಸಾರ್’ ಎನ್ನುತ್ತಾರೆ. ಮಾಡುವುದು ಬೇರೆಯೇ. ಬೆಳಿಗ್ಗೆ ಅರವತ್ತು ಜನ ಇರುತ್ತಾರೆ, ಎಷ್ಟು ಹೇಳಲಿ? – ಒಬ್ಬ ಯುವ ವೈದ್ಯ, ಕಲಬುರಗಿ ಜಿಲ್ಲೆ

ಉತ್ತರ: ಡಾಕ್ಟರೇ, ಆ ‘ಹೂಂ’ ನಿಮಗೆ ಕೊಟ್ಟ ಗೌರವ, ನಿಮ್ಮ ಮಾತಿಗೆ ಕೊಟ್ಟ ಉತ್ತರ ಅಲ್ಲ. ದೊಡ್ಡವರು ಕೇಳಿದಾಗ ‘ಇಲ್ಲ’ ಎನ್ನುವುದನ್ನು ನಮ್ಮ ಊರಿನ ಜನ ಕಲಿತಿಲ್ಲ. ಪ್ರಶ್ನೆಯನ್ನೇ ತಿರುಗಿಸಿ. ‘ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ನೋಡಬೇಕು. ಮನೆಯಲ್ಲಿ ಸೊಸೆ ಕೇಳಿದರೆ ಏನು ಹೇಳುತ್ತೀರಿ?’ ಆಗ ಪರೀಕ್ಷೆ ನಿಮಗೆ, ಅವರಿಗಲ್ಲ. ತಪ್ಪು ಹೇಳಿದರೆ ಅದೇ ಮಾತನ್ನು ಜೋರಾಗಿ ಹೇಳಬೇಡಿ, ಬೇರೆ ಥರ ಹೇಳಿ. ಅರವತ್ತು ಜನರಿಗೂ ನೀವೇ ಎಲ್ಲ ಹೇಳಲು ಆಗುವುದಿಲ್ಲ, ಗೊತ್ತು. ಒಬ್ಬರಿಗೆ ಎರಡು ಮೂರು ವಿಷಯ ಸಾಕು, ತಿರುಗಿ ಹೇಳಿಸುವ ಕೆಲಸವನ್ನು ಸಿಸ್ಟರಿಗೆ, ಮಾತ್ರೆ ಕೊಡುವವರಿಗೆ ಹಂಚಿ.

ಮಾತಿನ ಬಗ್ಗೆಯೂ ಸ್ವಲ್ಪ. ಅಲ್ಲಿ ಜಡ್ಡು, ಬ್ಯಾನಿ, ಗುಳಿಗಿ, ಜುಲಾಬು ಎನ್ನುತ್ತಾರೆ, ನೀವು ಕಾಯಿಲೆ, ನೋವು, ಮಾತ್ರೆ, ಭೇದಿ ಎಂದರೆ ಅರ್ಧ ದಾರಿಯಲ್ಲೇ ಮಾತು ಬಿದ್ದುಹೋಗುತ್ತದೆ. ‘ಸಂಕಟ’ ಎಂದರೆ ಒಬ್ಬರಿಗೆ ವಾಕರಿಕೆ, ಇನ್ನೊಬ್ಬರಿಗೆ ಎದೆಯಲ್ಲಿ ಆಗುವುದು, ಕೈಯಿಟ್ಟು ತೋರಿಸಿ ಎನ್ನಿ. ‘ಖಾಲಿ ಹೊಟ್ಟೆಯಲ್ಲಿ ಬನ್ನಿ’ ಎಂದರೆ ಚಹಾ ಕುಡಿದೇ ಬರುತ್ತಾರೆ, ಚಹಾ ಅವರ ಲೆಕ್ಕದಲ್ಲಿ ಊಟ ಅಲ್ಲ. ‘ರಿಪೋರ್ಟ್ ಪಾಸಿಟಿವ್’ ಎಂದಾಗ ಕೈ ಮುಗಿದು ನಕ್ಕ ಒಬ್ಬ ಅಜ್ಜನನ್ನು ನೋಡಿದ್ದೇನೆ, ಒಳ್ಳೆಯ ಸುದ್ದಿ ಎಂದುಕೊಂಡು. ‘ಕಾಯಿಲೆ ಇದೆ’, ‘ಕಾಯಿಲೆ ಇಲ್ಲ’, ಇಷ್ಟು ಸಾಕಲ್ಲವೇ? ಅವರು ‘ಉಷ್ಣ ಆಗಿದೆ’, ‘ನಂಜು’ ಎಂದರೆ ತಳ್ಳಿಹಾಕಬೇಡಿ. ಬದನೆಕಾಯಿ ನಂಜು ಎಂದು ಬಿಟ್ಟರೆ ನಷ್ಟ ಇಲ್ಲ, ನಂಜು ಎಂದು ಬೇಳೆ, ಮೊಟ್ಟೆ ಎಲ್ಲ ಬಿಟ್ಟರೆ ಗಾಯ ಮಾಯುವುದು ತಡ, ಅಷ್ಟು ಹೇಳಿ.

ನನ್ನ ತಪ್ಪೊಂದನ್ನು ನಿಮಗೆ ಹೇಳಲೇಬೇಕು. ತೊಂಬತ್ತರ ದಶಕ, ನಾನು ಒಂದು ತಾಲ್ಲೂಕು ಆಸ್ಪತ್ರೆಯಲ್ಲಿದ್ದೆ. ಇಟ್ಟಿಗೆ ಗೂಡಿನಲ್ಲಿ ಕೆಲಸ ಮಾಡುವ ಒಬ್ಬರಿಗೆ ಕ್ಷಯ. ಮಾತ್ರೆ ಕೊಟ್ಟು, ತಪ್ಪಿಸಬೇಡಿ ಎಂದು ಹತ್ತು ಸಲ ಹೇಳಿದೆ. ರಿಫಾಂಪಿಸಿನ್ ತಗೊಂಡರೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ ಎನ್ನುವ ಒಂದು ಮಾತು ಹೇಳಲಿಲ್ಲ. ಮಾರನೇ ದಿನ ಅವರು ಅದನ್ನು ನೋಡಿ, ರಕ್ತ ಹೋಗುತ್ತಿದೆ ಎಂದು ಹೆದರಿ, ಮಾತ್ರೆಯನ್ನು ಕೆರೆಗೆ ಎಸೆದರು. ಮತ್ತೆ ನಮ್ಮ ಹತ್ತಿರ ಬಂದಾಗ ಎರಡು ತಿಂಗಳು ಕಳೆದಿತ್ತು, ಹೆಂಡತಿಗೂ ಕೆಮ್ಮು ಹತ್ತಿತ್ತು. ‘ನಿಮ್ಮನ್ನ ಕೇಳಾಣ ಅಂದ್ಕಂಡೆ ಸಿಸ್ಟರ್, ಬೈತೀರಿ ಅಂತ ಬರಲಿಲ್ಲ’ ಎಂದರು. ಇವತ್ತಿಗೂ ಆ ಮಾತು ಮರೆತಿಲ್ಲ. ಆಮೇಲೆ ಯಾವ ಕ್ಷಯ ರೋಗಿಗೂ ಮೊದಲು ಬಣ್ಣದ ಮಾತು, ಆಮೇಲೆ ಮಾತ್ರೆ. ‘ಎರಡು ತಿಂಗಳಲ್ಲಿ ಕೆಮ್ಮು ನಿಂತರೂ ಆರು ತಿಂಗಳು ಯಾಕೆ?’ ಎಂದರೆ ಜೇಕಿನ ಹುಲ್ಲು ಜ್ಞಾಪಿಸಿ. ಮೇಲೆ ಕೊಯ್ದರೆ ಹೊಲ ಚೊಕ್ಕಟ ಕಾಣುತ್ತದೆ, ಗಡ್ಡೆ ಒಳಗೇ ಇರುತ್ತದೆ. ಜೇಕಿನ ಜೊತೆ ಬಡಿದಾಡಿದ ರೈತರಿಗೆ ಇದಕ್ಕಿಂತ ಜಾಸ್ತಿ ಹೇಳಬೇಕಿಲ್ಲ.

ಪ್ರಶ್ನೆ: ಮಂಗನ ಕಾಯಿಲೆ ಬಗ್ಗೆ ನಮ್ಮ ಯುವಕ ಸಂಘದಿಂದ ಪೋಸ್ಟರ್ ಮಾಡುತ್ತಿದ್ದೇವೆ. ಚಿತ್ರ ಏನಿರಬೇಕು? – ಶಿವಮೊಗ್ಗ ಜಿಲ್ಲೆ

ಉತ್ತರ: ಮಂಗ ದೊಡ್ಡದಾಗಿ ಬೇಡ. 1957ರಲ್ಲಿ ನಿಮ್ಮ ಸೊರಬದ ಕಡೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಜನರಿಗೂ ಜ್ವರ ಬಂದು ಕಾಯಿಲೆ ಗೊತ್ತಾದ್ದರಿಂದ ಹೆಸರು ಹಾಗೆ ನಿಂತುಬಿಟ್ಟಿದೆ, ಮನುಷ್ಯರಿಗೆ ತರುವುದು ಉಣುಗು, ಅಂದರೆ ದನಕರುಗಳ ಮೈಗೆ ಅಂಟುವ ಉಣ್ಣೆ ಹುಳ. ಹೆಸರು ಕೇಳಿದವರು ಮಂಗದಿಂದ ದೂರ ಇದ್ದರೆ ಸಾಕು ಎಂದುಕೊಂಡು ದರಗು, ಅಂದರೆ ಕಾಡಿನ ಒಣ ಎಲೆ, ತರಲು ಬರಿಗಾಲಲ್ಲಿ ಹೋಗುತ್ತಾರೆ. ಉಣುಗನ್ನು ಅಂಗೈಯಷ್ಟು ದೊಡ್ಡದಾಗಿ ಬಿಡಿಸಿದರೂ ಕಷ್ಟ, ‘ಇಷ್ಟು ದೊಡ್ಡದು ನಮ್ಮ ಕಾಡಿನಲ್ಲಿಲ್ಲ’ ಎಂದುಕೊಂಡುಬಿಡಬಹುದು. ಕಚ್ಚುವ ಮರಿ ಎಳ್ಳಿನಷ್ಟೂ ಇರುವುದಿಲ್ಲ, ಬೆರಳಿನ ತುದಿಯ ಮೇಲೆ ಒಂದು ಚುಕ್ಕೆಯ ಹಾಗೆ ತೋರಿಸಿ. ಪೋಸ್ಟರಿಗಿಂತ ಹಸುವಿನ ಕಿವಿ ಮಡಚಿ ತೋರಿಸುವುದು ಇನ್ನೂ ಒಳ್ಳೆಯದು. ಅಚ್ಚು ಹಾಕಿಸುವ ಮುಂಚೆ ದರಗು ತರುವ ನಾಲ್ಕು ಹೆಂಗಸರಿಗೆ ತೋರಿಸಿ, ಏನು ಕಾಣುತ್ತದೆ ಎಂದು ಕೇಳಿ. ಅವರು ಹೇಳಿದ ಹಾಗೆ ತಿದ್ದಿ.

ಪ್ರಶ್ನೆ: ಅಪ್ಪನಿಗೆ ಕ್ಯಾನ್ಸರ್. ‘ಗಡ್ಡೆ’ ಎಂದಷ್ಟೇ ಹೇಳಿದ್ದೇವೆ. ಓದು ಬಾರದವರು, ಹೇಳಿದರೂ ತಿಳಿಯುವುದಿಲ್ಲ, ಸುಮ್ಮನೆ ಹೆದರುತ್ತಾರೆ ಎಂದು ಅಣ್ಣ ಹೇಳುತ್ತಾನೆ. – ಹೆಸರು ಬೇಡ

ಉತ್ತರ: ಹೆದರುತ್ತಾರೆ ಎನ್ನುವುದು ನಿಜ, ಅದನ್ನು ಒಪ್ಪುತ್ತೇನೆ. ತಿಳಿಯುವುದಿಲ್ಲ ಎನ್ನುವುದನ್ನು ಒಪ್ಪುವುದಿಲ್ಲ. ನಮ್ಮಲ್ಲಿ ‘ಹೆಬ್ಬೆಟ್ಟು’ ಎನ್ನುವುದೇ ಒಂದು ಬೈಗುಳ ಆಗಿಬಿಟ್ಟಿದೆ. ಅದೇ ಹೆಬ್ಬೆಟ್ಟು ಒತ್ತಿ ನಿಮ್ಮಪ್ಪ ಜಮೀನು ಕೊಂಡಿರಬಹುದು, ಸಾಲ ತಂದು ನಿಮ್ಮನ್ನು ಓದಿಸಿರಬಹುದು. ಈಗ ಆಪರೇಷನ್ನಿನ ಕಾಗದಕ್ಕೂ ಅದನ್ನೇ ಒತ್ತಿಸಿಕೊಳ್ಳುತ್ತಾರೆ, ಯಾವುದಕ್ಕೆ ಎಂದು ಹೇಳದೆ! ಒಂದೇ ಸಲ ಎಲ್ಲ ಸುರಿಯಬೇಡಿ. ಯಾರೂ ಇಲ್ಲದ ಹೊತ್ತಿನಲ್ಲಿ ಪಕ್ಕ ಕೂತು, ‘ಅಪ್ಪಾ, ನಿನ್ನ ಕಾಯಿಲೆ ಬಗ್ಗೆ ನಿನಗೆ ಎಷ್ಟು ಹೇಳಲಿ?’ ಎಂದು ಕೇಳಿ. ‘ನೀವೇ ನೋಡಿಕೊಳ್ಳಿ’ ಎಂದರೆ ಅದು ಅವರ ತೀರ್ಮಾನ, ಅಲ್ಲಿಗೆ ನಿಲ್ಲಿಸಿ. ‘ಹೇಳು’ ಎಂದರೆ ಹೇಳಿ, ಕೈ ಹಿಡಿದುಕೊಂಡು. ಅವರು ಮಾತಾಡದೆ ಕೂತರೆ ನೀವೂ ಮಾತಾಡದೆ ಕೂತಿರಿ. ಬಹಳ ಸಲ ಅವರಿಗೆ ಅಷ್ಟು ಹೊತ್ತಿಗೆ ಗೊತ್ತಾಗಿಯೇ ಇರುತ್ತದೆ, ಮಕ್ಕಳು ಹೆದರುತ್ತಾರೆ ಎಂದು ಅವರೇ ಸುಮ್ಮನಿರುತ್ತಾರೆ.

ಪ್ರಶ್ನೆ: ನಾಯಿ ಕಚ್ಚಿದರೆ ಮೊದಲ ಚುಚ್ಚುಮದ್ದಿಗೆ ಬರುತ್ತಾರೆ, ಮುಂದಿನದಕ್ಕೆ ಬರುವುದಿಲ್ಲ. ಹೇಗೆ ಹೇಳಬೇಕು? – ಒಬ್ಬ ಸ್ಟಾಫ್ ನರ್ಸ್, ಚಾಮರಾಜನಗರ ಜಿಲ್ಲೆ

ಉತ್ತರ: ಮೊದಲು, ಹೊಕ್ಕಳ ಸುತ್ತ ಹದಿನಾಲ್ಕು ಚುಚ್ಚುವ ಕಾಲ ಹೋಯಿತು, ಈಗ ತೋಳಿಗೆ ಎಂದು ಹೇಳಿ. ಆ ಹಳೆಯ ಹೆದರಿಕೆ ಇನ್ನೂ ಇದೆ. ಕಚ್ಚಿದ ಕೂಡಲೇ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಬೇಕು, ಸುಣ್ಣ, ಖಾರದ ಪುಡಿ ಬೇಡ ಎನ್ನುವುದನ್ನೂ ಮನೆಯವರಿಗೆಲ್ಲ ಹೇಳಿ ಕಳಿಸಿ. ಗಾಯ ಆಳ ಇದ್ದರೆ ಗಾಯದ ಸುತ್ತಲೂ ಬೇರೆ ಇಂಜೆಕ್ಷನ್ ಇರುತ್ತದೆ, ಅದೂ ಬೇಕು ಎಂದು ಮೊದಲೇ ತಿಳಿಸಿ.

ಇನ್ನು ದಿನದ ಲೆಕ್ಕ. ಕಾರ್ಡಿನಲ್ಲಿ 0, 3, 7, 28 ಎಂದಿರುತ್ತದೆ. ಸೊನ್ನೆಯ ದಿನ ಎಂದರೆ ಯಾರಿಗೆ ಗೊತ್ತು? ‘ಮೂರನೇ ದಿನ ಬನ್ನಿ’ ಎಂದರೆ ನಮ್ಮ ಜನ ಇವತ್ತನ್ನೂ ಸೇರಿಸಿ ಎಣಿಸುತ್ತಾರೆ, ಒಂದು ದಿನ ಮುಂಚೆ ಬಂದು, ‘ನಾಳೆ ಬಾ’ ಎನ್ನಿಸಿಕೊಂಡು, ಕೂಲಿ ಕಳಕೊಂಡು ಹೋದವರು ಮತ್ತೆ ಬರುವುದಿಲ್ಲ. ವಾರದ ಹೆಸರು ಹೇಳಿ. ಮೊದಲನೆಯದು ಸೋಮವಾರ ಆದರೆ ಆಮೇಲೆ ಗುರುವಾರ, ಮತ್ತೆ ಬರುವ ಸೋಮವಾರ, ಅದಾದ ಮೇಲೆ ಮೂರು ಸಂತೆ ಕಳೆದು ಬರುವ ಸೋಮವಾರ. ಊರಿನ ಸಂತೆ ಯಾವ ದಿನ ಎಂದು ಕೇಳಿಕೊಂಡು ಎಣಿಸಿ. ಒಂದು ದಾರಕ್ಕೆ ನಾಲ್ಕು ಗಂಟು ಹಾಕಿ ಕೈಗೆ ಕೊಡಿ, ಮೊದಲನೆಯದನ್ನು ಅಲ್ಲೇ ಅವರ ಕೈಯಿಂದಲೇ ಬಿಚ್ಚಿಸಿ. ಉಳಿದ ಮೂರು ಗಂಟಿನ ದಾರವನ್ನು ಬಾಗಿಲ ಚಿಲಕಕ್ಕೆ ಕಟ್ಟಿಕೊಳ್ಳಲಿ, ಪ್ರತಿ ಸಲ ಬರುವಾಗ ತರಲಿ.